ಸ್ಥಳೀಯ ಸಂಗ್ರಹ ಡಿಜಿಟಲ್ ಮಾಡಬೇಕು, ಸ್ಕ್ಯಾನರ್ ಬಂದಿದೆ. ಮೊದಲು ಯಾವುದಕ್ಕೆ ಕೈ ಹಾಕೋದು?

ಹೊಸ_ಗ್ರಂಥಪಾಲಕಿ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ "ಸ್ಥಳೀಯ ಸಂಗ್ರಹ" ಅಂತ ಒಂದು ಕೋಣೆ ಇದೆ. ಸುತ್ತಮುತ್ತಲಿಂದ ವರ್ಷಗಟ್ಟಲೆ ಬಂದು ಸೇರಿದ ಸಾಮಾನೆಲ್ಲ ಅಲ್ಲಿದೆ. ಸ್ಮರಣ ಸಂಚಿಕೆಗಳು, ಎಂದೋ ನಿಂತುಹೋದ ವಾರಪತ್ರಿಕೆಗಳ ಬೈಂಡ್‌ಗಳು, ನಾಟಕದ ಕರಪತ್ರಗಳು, ನಿವೃತ್ತ ಮೇಷ್ಟ್ರೊಬ್ಬರ ಮನೆಯವರು ಕೊಟ್ಟ ಪತ್ರಗಳ ಕಟ್ಟು, ಕೈಬರಹದ ಲೆಕ್ಕದ ಪುಸ್ತಕ, ಫೋಟೋ, ನಕ್ಷೆ, ಒಂದು ಪೆಟ್ಟಿಗೆ ಕ್ಯಾಸೆಟ್. ಜೊತೆಗೆ ನಮ್ಮದೇ ಹಳೆಯ ಪಿಎಚ್‌ಡಿ ಪ್ರಬಂಧಗಳು.

ಈಗ ಹಣ ಬಂದಿದೆ, ಓವರ್‌ಹೆಡ್ ಸ್ಕ್ಯಾನರ್ ಬಂದಿದೆ. "ವರ್ಷದೊಳಗೆ ಎಲ್ಲಾ ಡಿಜಿಟಲ್ ಆಗಬೇಕು" ಅಂತ ಮೇಲಿನವರು ಹೇಳಿದ್ದಾರೆ. ಎಲ್ಲಾ ಅಂದರೆ ಎಷ್ಟು ಅಂತ ಯಾರೂ ಎಣಿಸಿಲ್ಲ. ನಾನು, ಒಬ್ಬ ಸಹಾಯಕ, ಬಂದು ಹೋಗುವ ವಿದ್ಯಾರ್ಥಿಗಳು. ಇಷ್ಟೇ ಜನ. ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ.

ಹಳೇಕಾಗದ

ಸದ್ಯಕ್ಕೆ ಸ್ಕ್ಯಾನರ್ ಪ್ಲಗ್ ತೆಗೆದಿಡಿ. ತಮಾಷೆಗೆ ಹೇಳುತ್ತಿಲ್ಲ.

ಮೊದಲು ಪಟ್ಟಿ ಆಗಬೇಕು. ಏನಿದೆ, ಎಷ್ಟಿದೆ, ಸ್ಥಿತಿ ಹೇಗಿದೆ, ಬೇರೆಲ್ಲಾದರೂ ಇದೆಯಾ. ಈ ಕೊನೆಯ ಪ್ರಶ್ನೆಯನ್ನೇ ಜನ ಬಿಟ್ಟುಬಿಡುತ್ತಾರೆ. ಅಚ್ಚಾದ ಪುಸ್ತಕವಾದರೆ ಸ್ಕ್ಯಾನ್ ಆದ ಪುಸ್ತಕಗಳ ಆನ್‌ಲೈನ್ ಸಂಗ್ರಹಗಳಾದ ಇಂಟರ್ನೆಟ್ ಆರ್ಕೈವ್ ನೋಡಿ, ಹಾತಿಟ್ರಸ್ಟ್ ನೋಡಿ. ಪ್ರಬಂಧವಾದರೆ ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹ ಶೋಧಗಂಗಾ ನೋಡಿ. ಅಲ್ಲಿ ಪುಟ ಬಿಡದ, ಚೆನ್ನಾಗಿ ಓದಿಸಿಕೊಳ್ಳುವ ಪ್ರತಿ ಇದ್ದರೆ ನಿಮ್ಮದನ್ನು ಮತ್ತೆ ಸ್ಕ್ಯಾನ್ ಮಾಡಿ ಏನು ಸಿಗುತ್ತೆ? ಸುಮ್ನೆ ಸಂಖ್ಯೆ ಜಾಸ್ತಿಯಾಗುತ್ತೆ ಅಷ್ಟೇ.

ಹಣ ಕೊಟ್ಟವರಿಗೆ ತೋರಿಸೋಕೆ ಚರ್ಮದ ಬೈಂಡಿನ ದಪ್ಪ ಪುಸ್ತಕ ಚೆನ್ನಾಗಿರುತ್ತೆ. ಆದರೆ ಅದು ಬೇರೆ ಹತ್ತು ಗ್ರಂಥಾಲಯಗಳಲ್ಲಿ ಇರಬಹುದು. ನಿಮ್ಮ ಕೋಣೆಯ ಮಾಸಿದ ಕರಪತ್ರ ನಿಮ್ಮ ಹತ್ತಿರ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲದಿರಬಹುದು. ನಿಮ್ಮ ಸರದಿ ಶುರುವಾಗಬೇಕಾದ್ದು ಅಲ್ಲಿಂದ.

ಇತಿಹಾಸದ_ಹುಚ್ಚು

ಹಳೇಕಾಗದ ಹೇಳಿದ್ದಕ್ಕೆ ನನ್ನದೊಂದು ಓಟು. ನಾನು ಗ್ರಂಥಾಲಯದವನಲ್ಲ, ಈ ಸಾಮಾನು ಹುಡುಕಿಕೊಂಡು ಅಲೆಯುವವನು.

ಸ್ಮರಣ ಸಂಚಿಕೆಗಳ ಬಗ್ಗೆ ಒಂದು ಮಾತು. ಸ್ಕ್ಯಾನ್ ಮಾಡುವವರು ಮುಂದಿನ ಲೇಖನಗಳನ್ನು ತೆಗೆದುಕೊಂಡು ಹಿಂದಿನ ಜಾಹೀರಾತುಗಳನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಲೇಖನದಲ್ಲಿ ಇರೋದು ಸಾಮಾನ್ಯವಾಗಿ ಹಾರೈಕೆ, ಹೊಗಳಿಕೆ. ಜಾಹೀರಾತಿನಲ್ಲಿ ಇರೋದು ಊರು. ಯಾವ ಬೀದಿಯಲ್ಲಿ ಯಾವ ಅಂಗಡಿ ಇತ್ತು, ಯಾರು ಯಾರ ಪಾಲುದಾರರು, ಫೋನ್ ನಂಬರಿಗೆ ಆಗ ಎಷ್ಟು ಅಂಕಿ, ಯಾವ ಮುದ್ರಣಾಲಯ ಅಚ್ಚು ಹಾಕಿತು. ಒಂದು ಊರಿನ ವ್ಯಾಪಾರದ ಇತಿಹಾಸ ಬರೆಯೋಕೆ ಹೊರಟವರಿಗೆ ಕೆಲವು ಸಲ ಇದು ಬಿಟ್ಟರೆ ಬೇರೆ ದಾಖಲೆಯೇ ಸಿಗಲ್ಲ.

ಇನ್ನೊಂದು, ಹಿಂಬದಿ. ಒಂದು ಸಂಸ್ಥೆ ನಾಟಕದ ಕರಪತ್ರಗಳನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟು ಸ್ಕ್ಯಾನ್ ಮಾಡಿಸಿತ್ತು. ವೆಬ್‌ಸೈಟಿನಲ್ಲಿ ಮುಂಬದಿ ಮಾತ್ರ ಇತ್ತು. ಹೋಗಿ ಮೂಲ ಕೇಳಿ ನೋಡಿದರೆ, ಒಂದು ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಪೂರ್ತಿ ಪಾತ್ರವರ್ಗ ಬರೆದಿದೆ! ಯಾರು ಯಾವ ವೇಷ, ಹಾರ್ಮೋನಿಯಂ ಯಾರು, ಕೊನೇ ಗಳಿಗೆಯಲ್ಲಿ ಯಾರು ಬರಲಿಲ್ಲ ಅಂತ ಹೊಡೆದುಹಾಕಿದ ಒಂದು ಹೆಸರು ಕೂಡ. ಅಚ್ಚಾದ ಬದಿಯಲ್ಲಿ ಇದ್ದದ್ದು ನಾಟಕದ ಹೆಸರು ಮತ್ತು ಟಿಕೆಟ್ ದರ. ಹಿಂಬದಿ "ಖಾಲಿ" ಅಂತ ಗುತ್ತಿಗೆಯವರು ಬಿಟ್ಟಿದ್ದರು.

ಪಿಕ್ಸೆಲ್_ಪುಟ್ಟ

ಅದಕ್ಕೇ ನಮ್ಮಲ್ಲಿ ನಿಯಮ: ಖಾಲಿ ಪುಟವನ್ನೂ ಸ್ಕ್ಯಾನ್ ಮಾಡು. ಖಾಲಿ ಇದೆ ಅನ್ನೋದಕ್ಕೂ ಸಾಕ್ಷಿ ಬೇಕು. ಇಲ್ಲದಿದ್ದರೆ ನಾಳೆ ಪುಟ ಬಿಟ್ಟುಹೋಗಿದೆಯೋ ಖಾಲಿಯೋ ಅಂತ ಯಾರಿಗೂ ಗೊತ್ತಾಗಲ್ಲ.

ತಾಂತ್ರಿಕ ವಿಷಯ ನಾನು ಹೇಳ್ತೀನಿ. ಕಾಗದಕ್ಕೆ 400 ಡಿಪಿಐ (ಅಂದರೆ ಇಂಚಿಗೆ 400 ಚುಕ್ಕೆ), 24 ಬಿಟ್ ಬಣ್ಣ, ಕಾಪಾಡಿ ಇಡುವ ಮಾಸ್ಟರ್ ಪ್ರತಿ ಟಿಫ್ ಅನ್ನುವ, ಗುಣಮಟ್ಟ ಕಳೆಯದ ಫೈಲ್ ರೂಪದಲ್ಲಿ. ಜನರಿಗೆ ತೋರಿಸೋಕೆ ಅದರಿಂದಲೇ ಜೆಪೆಗ್ ಅಥವಾ ಪಿಡಿಎಫ್ ಮಾಡಿಕೊಳ್ಳಿ. ಸಣ್ಣ ಫೋಟೋಗಳಿಗೆ 600. ಕಪ್ಪು-ಬಿಳುಪು ಮೋಡ್ ಬೇಡವೇ ಬೇಡ. ಪೆನ್ಸಿಲ್ ಬರಹ, ಮಸುಕಾದ ಮೊಹರು ಎಲ್ಲ ಅದರಲ್ಲಿ ಮಾಯ.

ಜಾಗದ ಲೆಕ್ಕ ಈಗಲೇ ಹಾಕಿ. ಒಂದು ಎ4 ಪುಟ 400 ಡಿಪಿಐಗೆ ಸುಮಾರು 3,300 × 4,680 ಪಿಕ್ಸೆಲ್. ಪಿಕ್ಸೆಲ್‌ಗೆ 3 ಬೈಟ್. ಅಂದರೆ ಪುಟಕ್ಕೆ ಸುಮಾರು 46 ಎಂಬಿ. 300 ಪುಟದ ಪುಸ್ತಕ ಒಂದಕ್ಕೇ 14 ಜಿಬಿ ಹತ್ತಿರ. 600ಕ್ಕೆ ಹೋದರೆ ಪುಟಕ್ಕೆ 104 ಎಂಬಿ ದಾಟುತ್ತೆ. ಎಲ್ಲದಕ್ಕೂ 600 ಇರಲಿ ಅನ್ನುವವರು ಈ ಲೆಕ್ಕ ಹಾಕಿರಲ್ಲ.

ಪ್ರತಿ ಬ್ಯಾಚಿನ ಶುರುವಲ್ಲಿ ಬಣ್ಣದ ಪಟ್ಟಿ ಮತ್ತು ಅಳತೆ ಪಟ್ಟಿ ಇಟ್ಟು ಒಂದು ಶಾಟ್ ತೆಗೆಯಿರಿ. ಹಳದಿ ಕಾಗದ ನಿಜಕ್ಕೂ ಹಳದಿಯೋ ನಿಮ್ಮ ದೀಪದ ಹಳದಿಯೋ ಅಂತ ಆಮೇಲೆ ಜಗಳ ಆಗಲ್ಲ.

ಸುಮ್ನೆ_ಓದುಗ

ಇಷ್ಟೆಲ್ಲಾ ಬೇಕಾ? ಮೊಬೈಲ್‌ನಲ್ಲಿ ಸ್ಕ್ಯಾನ್ ಆ್ಯಪ್ ಹಾಕಿಕೊಂಡು ಪಟಪಟ ಅಂತ ಪಿಡಿಎಫ್ ಮಾಡಬಹುದಲ್ವಾ? ಓದೋಕೆ ಆದರೆ ಸಾಕು.

ಪಿಕ್ಸೆಲ್_ಪುಟ್ಟ

ನಿಮ್ಮ ಟಿಪ್ಪಣಿಗೆ ಸಾಕು. ಸಂಗ್ರಹಕ್ಕೆ ಸಾಲದು. ಆ್ಯಪ್‌ಗಳು ಅಂಚು ಕತ್ತರಿಸುತ್ತವೆ, ಹಿನ್ನೆಲೆ ಬೆಳ್ಳಗೆ ಮಾಡುತ್ತವೆ, ನೆರಳು ತೆಗೆಯೋಕೆ ಹೋಗಿ ಮಸುಕು ಬರಹವನ್ನೂ ಅಳಿಸುತ್ತವೆ. ಚೆನ್ನಾಗಿ ಕಾಣುತ್ತೆ, ಆದರೆ ಮೂಲ ಹಾಗಿಲ್ಲ.

ಫೈಲ್ ಸಣ್ಣದು ಮಾಡುವ ಆಸೆ ಎಲ್ಲಿಗೆ ಮುಟ್ಟಿಸುತ್ತೆ ಅನ್ನೋದಕ್ಕೆ 2013ರ ಜೆರಾಕ್ಸ್ ಪ್ರಕರಣ ಓದಿ. ಡೇವಿಡ್ ಕ್ರೀಸೆಲ್ ಅನ್ನುವ ಜರ್ಮನ್ ಕಂಪ್ಯೂಟರ್ ತಜ್ಞರು ಕಂಡುಹಿಡಿದದ್ದು. ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಾಯಿಸುತ್ತಿದ್ದವು. 6 ಇದ್ದ ಕಡೆ 8. ಕಾರಣ ಜೆಬಿಗ್2 ಅನ್ನುವ ಕುಗ್ಗಿಸುವ ವಿಧಾನ. ಒಂದೇ ಥರ ಕಾಣುವ ಅಕ್ಷರಗಳಿಗೆಲ್ಲ ಒಂದೇ ಚಿತ್ರ ಇಟ್ಟು ಜಾಗ ಉಳಿಸುತ್ತೆ. ಮಸುಕಾಗಿದ್ದರೆ ತೊಂದರೆ ಇಲ್ಲ, ಮಸುಕು ಅಂತ ಕಾಣುತ್ತೆ. ಇದು ಸ್ಪಷ್ಟವಾಗಿ, ಚೆಂದವಾಗಿ, ತಪ್ಪು ಅಂಕಿ ತೋರಿಸುತ್ತಿತ್ತು. ನಿಮ್ಮ ಲೆಕ್ಕದ ಪುಸ್ತಕಕ್ಕೆ ಹೀಗಾದರೆ?

ಹೊಸ_ಗ್ರಂಥಪಾಲಕಿ

ಬೆನ್ನಲ್ಲಿ ಚಳಿ ಬಂತು. ಮಾಸ್ಟರ್ ಟಿಫ್ ಅಂತ ಬರೆದುಕೊಂಡೆ.

ವಾರಪತ್ರಿಕೆ ಬೈಂಡ್‌ಗಳು ಬಿಗಿಯಾಗಿವೆ. ಒಳ ಅಂಚಿನ ಕಾಲಂ ಅರ್ಧ ಕಾಣಲ್ಲ. ಬೈಂಡ್ ಬಿಚ್ಚಿಸಿಬಿಡಿ ಅಂತ ಸಹಾಯಕ ಹೇಳುತ್ತಿದ್ದಾನೆ. ಮುಟ್ಟುವಾಗ ಬಿಳಿ ಕೈಗವಸು ಹಾಕಿಕೊಳ್ಳಬೇಕಾ?

ಹಳೇಕಾಗದ

ಕೈಗವಸಿನ ವಿಷಯ ಮೊದಲು. ಕಾಗದಕ್ಕೆ ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಸಾಕು. ಹತ್ತಿ ಗವಸು ಹಾಕಿದರೆ ಬೆರಳಿಗೆ ಕಾಗದದ ಅಂಚು ಗೊತ್ತಾಗಲ್ಲ, ಹರಿಯೋದು ಜಾಸ್ತಿ. ಫೋಟೋ ಮತ್ತು ನೆಗೆಟಿವ್‌ಗೆ ಮಾತ್ರ ನೈಟ್ರೈಲ್ ಗವಸು ಹಾಕಿ. ಅಲ್ಲಿ ಬೆರಳ ಗುರುತು ಶಾಶ್ವತವಾಗಿ ಕೂರುತ್ತೆ. ಟಿವಿಯಲ್ಲಿ ತೋರಿಸುವ ಬಿಳಿ ಗವಸು ಕ್ಯಾಮೆರಾಗೆ ಚೆಂದ.

ಬೈಂಡ್: ಇಂಗ್ಲಿಷಿನ ವಿ ಆಕಾರದ ತೊಟ್ಟಿಲಲ್ಲಿ ಇಟ್ಟು ತೆರೆದು ನೋಡಿ. 90ರಿಂದ 120 ಡಿಗ್ರಿಯಷ್ಟು ತೆರೆದರೆ ಸಾಕಾಗುವ ಪುಸ್ತಕಗಳು ಬಹಳ. ಬಲವಂತವಾಗಿ 180 ಡಿಗ್ರಿ ಚಪ್ಪಟೆ ಮಾಡಿದರೆ ಬೆನ್ನು ಮುರಿಯುತ್ತೆ. ಪತ್ರಿಕೆ ಕಾಗದ ಮರದ ತಿರುಳಿನದು, ಅದರೊಳಗೇ ಆಮ್ಲ ಹುಟ್ಟಿಕೊಳ್ಳುತ್ತೆ. ಮಡಚಿದರೆ ಪುಡಿ ಆಗುವ ಹಂತದಲ್ಲಿ ಇದ್ದರೆ ಬಿಚ್ಚುವ ತೀರ್ಮಾನ ಸಂರಕ್ಷಣೆ ಬಲ್ಲವರು ಮಾಡಲಿ. ಹೊಲಿಗೆ ದಾರ ಕತ್ತರಿಸಿ ಬಿಚ್ಚೋದು ಬೇರೆ, ಗಿಲೋಟಿನ್‌ನಲ್ಲಿ ಬೆನ್ನು ಕತ್ತರಿಸೋದು ಬೇರೆ. ಎರಡನೆಯದರಲ್ಲಿ ಒಳ ಅಂಚಿನ ಅಕ್ಷರವೂ ಹೋಗುತ್ತೆ.

ಮತ್ತೆ ಒಂದು ವಿಷಯ ಕೂಗಿ ಹೇಳಬೇಕು. ಸ್ಕ್ಯಾನ್ ಆಯ್ತು ಅಂತ ಮೂಲ ಎಸೆಯಬಾರದು! ಜಾಗ ಇಲ್ಲ ಅಂತ ಕೇಳುವವರು ಬಂದೇ ಬರುತ್ತಾರೆ.

ಅಕ್ಷರ_ಶೋಧ

ಹುಡುಕೋಕೆ ಆಗದ ಸ್ಕ್ಯಾನ್ ಅರ್ಧ ಕೆಲಸ. ಒಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸಿ ಪಠ್ಯ ಮಾಡೋದು) ಬಗ್ಗೆ ಯಾರೂ ಮಾತಾಡಿಲ್ಲ, ನಾನು ಶುರು ಮಾಡ್ತೀನಿ.

ಉಚಿತವಾಗಿ ಸಿಗೋದರಲ್ಲಿ ಟೆಸರಾಕ್ಟ್ ಹಳಬ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ್ದು, 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಕನ್ನಡಕ್ಕೂ ಮಾದರಿ ಇದೆ. ಈಚಿನ ಕಂಪ್ಯೂಟರ್ ಅಚ್ಚಿಗೆ ಪರವಾಗಿಲ್ಲ. ಸೀಸದ ಅಕ್ಷರ ಜೋಡಿಸಿ ಹಾಕಿದ ಹಳೆಯ ಮೊಳೆ ಅಚ್ಚಿಗೆ ಒದ್ದಾಡುತ್ತೆ. ಯಾಕೆ ಅಂದರೆ ನಮ್ಮ ಲಿಪಿಯ ಕೆಲಸವೆಲ್ಲ ಚಿಕ್ಕ ಗುರುತುಗಳಲ್ಲಿದೆ. ದ, ಧ, ಥ ಬೇರೆಯಾಗೋದು ಒಂದು ಸಣ್ಣ ಗೀಟು, ಒಂದು ಚುಕ್ಕೆಯಿಂದ. ಮೊಳೆ ಸವೆದಿದ್ದರೆ ಅದು ಕಾಗದದ ಮೇಲೇ ಇರಲ್ಲ. ಅನುಸ್ವಾರ ಮತ್ತು ಸೊನ್ನೆ ಒಂದೇ ಥರ. ಒತ್ತಕ್ಷರ ಕೆಳಗೆ ನೇತಾಡುತ್ತೆ, ಸಾಲುಗಳ ನಡುವೆ ಜಾಗ ಕಮ್ಮಿ ಇದ್ದರೆ ಕೆಳಗಿನ ಸಾಲಿನ ದೀರ್ಘಕ್ಕೆ, ಗುಡಿಸಿಗೆ ತಾಗುತ್ತೆ. ಯಂತ್ರಕ್ಕೆ ಅದು ಯಾವ ಸಾಲಿನದು ಅಂತ ಗೊತ್ತಾಗಲ್ಲ. ಪತ್ರಿಕೆಯ ಕಾಲಂಗಳು ಸೇರಿಕೊಂಡರಂತೂ ಮದುವೆ ಸುದ್ದಿಯ ಮಧ್ಯೆ ಧಾರಣೆ ಪಟ್ಟಿ ಬರುತ್ತೆ.

ಹಾಗಂತ ಬಿಡಬೇಡಿ. ತಪ್ಪು ತುಂಬಿದ ಪಠ್ಯದಲ್ಲೂ ಹೆಸರು ಸಿಗುತ್ತೆ. ಆಸ್ಟ್ರೇಲಿಯಾದ ಟ್ರೋವ್ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳ ಪಠ್ಯವನ್ನು ಓದುಗರೇ ತಿದ್ದುತ್ತಾರೆ. ಅಜ್ಜನ ಹೆಸರು ಹುಡುಕಿ ಬಂದವರು ಆ ಪುಟ ಪೂರ್ತಿ ತಿದ್ದಿ ಹೋಗುತ್ತಾರೆ. ಸ್ಥಳೀಯ ಸಂಗ್ರಹಕ್ಕೆ ಇದು ಹೇಳಿ ಮಾಡಿಸಿದ್ದು. ಕೈಬರಹಕ್ಕೆ ಟ್ರಾನ್ಸ್‌ಕ್ರಿಬಸ್ ಥರದ ತಂತ್ರಾಂಶ ಇದೆ. ಅದಕ್ಕೆ ಮೊದಲು ನೀವೇ ಕೂತು ಒಂದಷ್ಟು ಪುಟ ಸರಿಯಾಗಿ ಟೈಪ್ ಮಾಡಿ ಕಲಿಸಬೇಕು. ಒಬ್ಬರದೇ ಕೈಬರಹದ ದೊಡ್ಡ ಕಟ್ಟು ಇದ್ದರೆ ಲಾಭ. ಹತ್ತು ಜನರ ಹತ್ತು ಪತ್ರಕ್ಕೆ ಕೂತು ಟೈಪ್ ಮಾಡೋದೇ ಬೇಗ.

ನಿಮ್ಮ ಪ್ರಬಂಧಗಳಲ್ಲಿ ಇನ್ನೊಂದು ಬಲೆ ಇದೆ. ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿದ್ದು, ಪಿಡಿಎಫ್ ಇದೆ, ಹಾಗಾಗಿ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ್ದರೆ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ತಕ್ಷಣ ಗೊತ್ತಾಗುತ್ತೆ. ಮೂಲ ವರ್ಡ್ ಫೈಲ್ ಸಿಕ್ಕರೆ ಪರಿವರ್ತಕದಿಂದ ಯುನಿಕೋಡ್ ಮಾಡಿಕೊಳ್ಳಿ. ಸಿಗದಿದ್ದರೆ ಪುಟವನ್ನು ಚಿತ್ರ ಮಾಡಿ ಒಸಿಆರ್ ಹಾಕಿ. ಹೌದು, ಕಂಪ್ಯೂಟರ್ ಪಿಡಿಎಫ್‌ಗೆ ಒಸಿಆರ್. ನಗು ಬರುತ್ತೆ, ಆದರೆ ಬೇರೆ ದಾರಿ ಕಮ್ಮಿ.

ಇತಿಹಾಸದ_ಹುಚ್ಚು

ಒಸಿಆರ್ ಇರಲಿ. ವಿವರ ಬರೆಯೋರು ಯಾರು? ನಾನು ಹೋದ ಎಷ್ಟೋ ಡಿಜಿಟಲ್ ಸಂಗ್ರಹಗಳಲ್ಲಿ "ಫೋಟೋ 1", "ಫೋಟೋ 2", "ಹಳೆಯ ಪತ್ರ" ಅಂತಲೇ ಇರುತ್ತೆ. ಅದನ್ನು ಇಂಟರ್ನೆಟ್‌ಗೆ ಹಾಕಿದರೂ ಒಂದೇ, ಕಪಾಟಿನಲ್ಲಿಟ್ಟು ಬೀಗ ಹಾಕಿದರೂ ಒಂದೇ.

ಹಳೇಕಾಗದ

ನನ್ನ ಪ್ರಕಾರ ಈ ಕೆಲಸದ ತೂಕವೆಲ್ಲ ಇಲ್ಲಿದೆ. ಸ್ಕ್ಯಾನ್ ಮಾಡೋಕೆ ಹೊಸಬರಿಗೆ ಬೇಗ ಕಲಿಸಬಹುದು. ಫೋಟೋದಲ್ಲಿ ಎಡಗಡೆ ಕೂತವರು ಯಾರು ಅಂತ ಹೇಳೋಕೆ ಆ ಊರಿನ ಹಿರಿಯರೇ ಬೇಕು. ಸ್ಕ್ಯಾನರ್ ಹತ್ತು ವರ್ಷ ಬಿಟ್ಟು ಕೊಂಡರೆ ಇನ್ನೂ ಒಳ್ಳೆಯದು ಬರುತ್ತೆ. ಹಿರಿಯರ ವಿಷಯದಲ್ಲಿ ಹಾಗೆ ಹೇಳೋಕಾಗಲ್ಲ.

ಡಬ್ಲಿನ್ ಕೋರ್ ಅಂತ 15 ಅಂಶಗಳ ಸರಳ ಚೌಕಟ್ಟಿದೆ. ಶೀರ್ಷಿಕೆ, ಕರ್ತೃ, ದಿನಾಂಕ, ವಿಷಯ, ಸ್ಥಳ ವ್ಯಾಪ್ತಿ, ಹಕ್ಕು ಇತ್ಯಾದಿ. 15ನ್ನೂ ತುಂಬಬೇಕಾಗಿಲ್ಲ. ಆದರೆ ಹೆಸರು ಬರೆಯುವ ರೀತಿ ಒಂದೇ ಇರಲಿ. ಒಬ್ಬರೇ ವ್ಯಕ್ತಿ ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಊರಿನ ಹೆಸರು ಸೇರಿಸಿ, ಮತ್ತೊಂದು ಕಡೆ ಕಾವ್ಯನಾಮದಲ್ಲಿ ಇರುತ್ತಾರೆ. ಊರಿನ ಹೆಸರಿನ ಕಾಗುಣಿತವೂ ಹಾಗೇ. ಒಂದು ರೂಪ ಮುಖ್ಯ ಅಂತ ತೀರ್ಮಾನಿಸಿ, ಉಳಿದ ರೂಪಗಳನ್ನು ಅದಕ್ಕೆ ಕಟ್ಟಿ. ದಿನಾಂಕ ಗೊತ್ತಿಲ್ಲದಿದ್ದರೆ "ಸುಮಾರು 1950ರ ದಶಕ" ಅಂತ ಬರೆಯಿರಿ, ಊಹಿಸಿ 1953 ಅಂತ ಹಾಕಬೇಡಿ. ಒಮ್ಮೆ 1953 ಅಂತ ಬಿದ್ದರೆ ಮುಂದಿನವರು ಅದನ್ನೇ ಉಲ್ಲೇಖ ಮಾಡುತ್ತಾರೆ.

ಪಿಕ್ಸೆಲ್_ಪುಟ್ಟ

ಒಪ್ಪಲ್ಲ. ಪೂರ್ತಿ ಅಲ್ಲ, ಅರ್ಧ ಒಪ್ಪಲ್ಲ.

ಪ್ರತಿ ಫೋಟೋಗೂ ಪುರಾಣ ಬರೆಯೋಕೆ ಕೂತರೆ ಮೊದಲ ಪೆಟ್ಟಿಗೆ ಮುಗಿಯೋಷ್ಟರಲ್ಲಿ ಹಣ ಮುಗಿದಿರುತ್ತೆ. 2005ರಲ್ಲಿ ಮಾರ್ಕ್ ಗ್ರೀನ್, ಡೆನ್ನಿಸ್ ಮೈಸ್ನರ್ ಅಂತ ಅಮೆರಿಕದ ಇಬ್ಬರು ಆರ್ಕೈವ್ ತಜ್ಞರು ಇದನ್ನೇ ವಾದ ಮಾಡಿದ್ದರು. ಒಂದೊಂದು ಹಾಳೆಗೂ ಮುದ್ದು ಮಾಡುತ್ತಾ ಕೂತು, ಉಳಿದ ಕೋಣೆ ಪೂರ್ತಿ ಯಾರಿಗೂ ಸಿಗದ ಹಾಗೆ ಬಿಟ್ಟಿದ್ದೀರಿ ಅಂತ. ಕಟ್ಟಿನ ಮಟ್ಟಕ್ಕೆ ಒಂದು ಒಳ್ಳೆಯ ವಿವರ ಬರೆಯಿರಿ. "ಇಂಥ ಶಾಲೆಯ ಫೋಟೋಗಳು, ಇಂಥ ಕಾಲದವು, ಇಂಥವರು ಕೊಟ್ಟದ್ದು." ಹೊರಗೆ ಹಾಕಿ. ಗುರುತು ಹಿಡಿದವರು ಹೆಸರು ಹೇಳುತ್ತಾರೆ.

ಹಳೇಕಾಗದ

ಪತ್ರದ ಕಟ್ಟಿಗೆ ನಿಮ್ಮ ಮಾತು ಸರಿ. ಫೋಟೋಗೆ ಸರಿಯಲ್ಲ. ಪತ್ರ ತೆರೆದು ಓದಿದರೆ ಯಾರು ಯಾರಿಗೆ ಬರೆದದ್ದು ಅಂತ ಅದೇ ಹೇಳುತ್ತೆ. ಹೆಸರಿಲ್ಲದ ಫೋಟೋ ಏನೂ ಹೇಳಲ್ಲ. ಜನ ಬಂದು ಗುರುತು ಹಿಡೀತಾರೆ ಅನ್ನೋದು ನಡೆಯುತ್ತೆ, ಆದರೆ ತಾನಾಗಿ ಅಲ್ಲ. ಪ್ರಿಂಟ್ ತೆಗೆದುಕೊಂಡು ಅವರ ಮನೆಗೆ ಹೋಗಬೇಕು. ಕಣ್ಣು ಮಂಜಾದವರಿಗೆ ದೊಡ್ಡ ಪ್ರಿಂಟ್ ಬೇಕು. ಯಾರು ಹೇಳಿದರು, ಯಾವಾಗ ಹೇಳಿದರು ಅಂತ ಅದನ್ನೂ ಬರೆದಿಡಬೇಕು. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ.

ಕಾಯ್ದೆ_ಕಟ್ಟಳೆ

ಎಲ್ಲರೂ "ಹೊರಗೆ ಹಾಕಿ" ಅನ್ನುತ್ತಿದ್ದೀರಿ. ಒಂದು ನಿಮಿಷ ನಿಲ್ಲಿ.

ಸ್ಕ್ಯಾನ್ ಮಾಡಿ ಇಟ್ಟುಕೊಳ್ಳೋದು ಬೇರೆ, ಜಗತ್ತಿಗೆಲ್ಲ ತೆರೆಯೋದು ಬೇರೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 2012ರ ತಿದ್ದುಪಡಿ ಆದ ಮೇಲೆ, ವ್ಯಾಪಾರದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಹತ್ತಿರ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಹುದು. ಅದರಿಂದ ವೆಬ್‌ಸೈಟಿಗೆ ಹಾಕುವ ಹಕ್ಕು ಬರಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯ ಈ ಮಾತಿನೊಳಗೆ ಬರುತ್ತಾ ಅನ್ನೋದನ್ನೂ ನಿಮ್ಮ ಕಾನೂನು ವಿಭಾಗದಿಂದ ಲಿಖಿತವಾಗಿ ತೆಗೆದುಕೊಳ್ಳಿ.

ಹಕ್ಕುಸ್ವಾಮ್ಯದ ಅವಧಿ: ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಯುರೋಪಿನಲ್ಲಿ 70. ಸ್ಮರಣ ಸಂಚಿಕೆಯಲ್ಲಿ ಮೂವತ್ತು ಲೇಖಕರಿದ್ದರೆ ಮೂವತ್ತು ಲೆಕ್ಕ. ಅನಾಮಧೇಯ ಬರಹಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕ.

ಪತ್ರಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮೇಷ್ಟ್ರ ಮನೆಯವರು ಕೊಟ್ಟದ್ದು ಕಾಗದ. ಮೇಷ್ಟ್ರಿಗೆ ಬಂದ ಪತ್ರಗಳ ಬರಹದ ಹಕ್ಕು ಅದನ್ನು ಬರೆದವರದು, ಅವರ ನಂತರ ಅವರ ವಾರಸುದಾರರದು. ಕೊಟ್ಟವರ ಸಹಿ ಇದ್ದರೂ ಅದು ಸಾಲದು. ಹುಡುಕಿದ್ದೇವೆ, ಸಿಗಲಿಲ್ಲ ಅನ್ನೋದಕ್ಕೆ ದಾಖಲೆ ಇಡಿ. ಯಾರಾದರೂ ತಕರಾರು ಎತ್ತಿದರೆ ಮೊದಲು ತೆಗೆದುಹಾಕಿ, ಆಮೇಲೆ ವಿಚಾರ ಮಾಡುವ ನಿಯಮವನ್ನು ಮೊದಲ ದಿನವೇ ವೆಬ್‌ಸೈಟಿನಲ್ಲಿ ಬರೆಯಿರಿ.

ಹಕ್ಕುಸ್ವಾಮ್ಯ ಮುಗಿದರೂ ಗುಟ್ಟು ಮುಗಿಯಲ್ಲ. ಲೆಕ್ಕದ ಪುಸ್ತಕದಲ್ಲಿ ಯಾರ ಸಾಲ ಎಷ್ಟು ಅಂತ ಇರುತ್ತೆ, ಪಕ್ಕದಲ್ಲಿ ಜಾತಿ ಇರುತ್ತೆ. ಮೊಮ್ಮಕ್ಕಳು ಅದೇ ಊರಲ್ಲಿ ಇದ್ದಾರೆ. ಅಮೆರಿಕದ ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಯೋಜನೆ ನೋಡಿ. ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಇದ್ದವರ ಮಾತನ್ನು 2001ರಿಂದ 2006ರವರೆಗೆ ಧ್ವನಿಮುದ್ರಿಸಿದರು. ನೀವು ಬದುಕಿರುವವರೆಗೆ ಹೊರಗೆ ಬರಲ್ಲ ಅಂತ ಮಾತು ಕೊಟ್ಟಿದ್ದರು. 2011ರಲ್ಲಿ ಪೊಲೀಸ್ ತನಿಖೆಗಾಗಿ ನ್ಯಾಯಾಲಯದ ಮೂಲಕ ಕೇಳಿಕೆ ಬಂತು, ಕೊನೆಗೆ ಕೆಲವು ಟೇಪ್ ಕೊಡಬೇಕಾಯಿತು. ಗ್ರಂಥಾಲಯ ತನ್ನ ಕೈಯಲ್ಲಿ ಇಲ್ಲದ್ದನ್ನು ಮಾತು ಕೊಟ್ಟಿತ್ತು.

ಸುಮ್ನೆ_ಓದುಗ

ಸಾಲದ ಪುಸ್ತಕ ಹಾಕಲೇಬಾರದು ಅಂತೀರಾ? ಇತಿಹಾಸಕಾರರಿಗೆ ಅದೇ ಬೇಕಲ್ವಾ?

ಕಾಯ್ದೆ_ಕಟ್ಟಳೆ

ಹಾಗಲ್ಲ. ಎಲ್ಲರಿಗೂ, ಗ್ರಂಥಾಲಯಕ್ಕೆ ಬಂದವರಿಗೆ, ಕೋರಿಕೆ ಕೊಟ್ಟ ಸಂಶೋಧಕರಿಗೆ ಅಂತ ಮೆಟ್ಟಿಲು ಇಡಬಹುದು. ಆಸ್ಟ್ರೇಲಿಯಾದ ವರುಮುಂಗು ಸಮುದಾಯದ ಜೊತೆ ಸೇರಿ ಕಟ್ಟಿದ ಮುಕುರ್ತು ಅನ್ನುವ ತಂತ್ರಾಂಶ ಇದಕ್ಕೇ ಹುಟ್ಟಿದ್ದು. ಯಾವ ವಸ್ತು ಯಾರು ನೋಡಬಹುದು ಅಂತ ಆ ಸಮುದಾಯವೇ ಹೇಳುತ್ತೆ. ನಮ್ಮಲ್ಲೂ ಆಚರಣೆಯ ಹಾಡು, ಮನೆತನದ ಫೋಟೋ ಇಂಥವಕ್ಕೆ ಕೊಟ್ಟವರನ್ನು ಕೇಳಿ ಮೆಟ್ಟಿಲು ಇಟ್ಟರೆ ತಪ್ಪೇನು?

ಟೇಪ್_ತಾತ

ಕ್ಯಾಸೆಟ್ ಪೆಟ್ಟಿಗೆ ಅಂತ ಮೊದಲ ಸಾಲಲ್ಲೇ ಇದೆ, ಯಾರೂ ಮುಟ್ಟಲಿಲ್ಲ. ನನ್ನನ್ನು ಕೇಳಿದರೆ ಸರದಿಯಲ್ಲಿ ಅದೇ ಮೊದಲು. ಕಾಗದ ಇನ್ನೂ ಐವತ್ತು ವರ್ಷ ಕಾಯಬಹುದು. ಟೇಪ್ ಕಾಯಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಡಿಜಿಟಲ್ ಆಗದ ಕಾಂತೀಯ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ ಅಂತ. ಟೇಪ್ ಹಾಳಾಗೋದು ಒಂದು ಕಡೆ. ನುಡಿಸುವ ಒಳ್ಳೆಯ ಡೆಕ್, ಅದರ ಬಿಡಿಭಾಗ, ರಿಪೇರಿ ಬಲ್ಲವರು ಸಿಗದೇ ಇರೋದು ಇನ್ನೊಂದು ಕಡೆ.

ಸುಮ್ನೆ ಹಾಕಿ ಪ್ಲೇ ಒತ್ತಬೇಡಿ. ಬೂಷ್ಟು ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ, ಉಳಿದ ಟೇಪಿಗೂ ಅಂಟುತ್ತೆ. ರೆಕಾರ್ಡ್ ಆಗದ ಹಾಗೆ ಕ್ಯಾಸೆಟ್ಟಿನ ಮೇಲಿನ ಚಿಕ್ಕ ಪ್ಲಾಸ್ಟಿಕ್ ತುಣುಕು ಮುರಿದಿದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಮುರಿಯಿರಿ. ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. 96 ಆದರೆ ಇನ್ನೂ ಒಳ್ಳೆಯದು, ಗಂಟೆಗೆ ಸುಮಾರು 2 ಜಿಬಿ ಆಗುತ್ತೆ. ಎಂಪಿ3 ಕೇಳೋಕೆ ಮಾತ್ರ. ಗರಗರ ಸದ್ದು ತೆಗೆದು ಸ್ವಚ್ಛ ಮಾಡಿದ್ದನ್ನು ಮಾಸ್ಟರ್ ಅಂತ ಇಡಬೇಡಿ. ಸ್ವಚ್ಛ ಮಾಡುವ ವಿಧಾನ ಮುಂದೆ ಸುಧಾರಿಸುತ್ತೆ, ಕಚ್ಚಾ ಪ್ರತಿ ಬೇಕು.

ಲೇಬಲ್ ನಂಬಬೇಡಿ. ಒಂದು ಬದಿ "ಭಜನೆ" ಅಂತ ಇರುತ್ತೆ, ಅದರ ಕೊನೆಯಲ್ಲಿ ಯಾರೋ ಅಜ್ಜಿಯ ಸೋಬಾನೆ ಪದ ಇರುತ್ತೆ. ಪೂರ್ತಿ ಕೇಳಬೇಕು. ಹೌದು, ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಬೇಕೇ ಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ಸರ್ವರ್_ಕಾವಲು

ಈಗ ನನ್ನ ಗೋಳು. ಎಲ್ಲ ಮುಗಿದ ಮೇಲೆ ನಮ್ಮ ಹತ್ತಿರ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದುಕೊಟ್ಟು "ಇದನ್ನ ಇಟ್ಕೊಳ್ಳಿ" ಅನ್ನುತ್ತಾರೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಇದು ಹಳೆಯ ಸೂತ್ರ, ಇವತ್ತಿಗೂ ಸರಿ. ನಾನು ಒಂದು ಸೇರಿಸುತ್ತೇನೆ: ಒಂದು ಪ್ರತಿ ನೆಟ್‌ವರ್ಕ್‌ಗೆ ತಾಗದ ಹಾಗೆ ಇರಬೇಕು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಅವರ ಮುಖ್ಯ ಕ್ಯಾಟಲಾಗ್ ಓದೋಕಷ್ಟೇ ಸಿಗುವ ರೂಪದಲ್ಲಿ ವಾಪಸ್ ಬಂದದ್ದು 2024ರ ಜನವರಿಯಲ್ಲಿ. ಅಷ್ಟು ದೊಡ್ಡವರಿಗೇ ಹೀಗಾದರೆ ನಾವೆಷ್ಟರವರು.

ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿ ಬರುವ ಗುರುತಿನ ಸಂಖ್ಯೆ) ತೆಗೆದಿಡಿ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬದಲಾಗುತ್ತೆ. ವರ್ಷಕ್ಕೊಮ್ಮೆ ತಾಳೆ ನೋಡಿ. ಫೈಲ್ ಹೆಸರಿನಲ್ಲಿ ಕಥೆ ಬೇಡ, ಪರಿಗ್ರಹಣ ಸಂಖ್ಯೆ (ಗ್ರಂಥಾಲಯದ ದಾಖಲಾತಿ ಸಂಖ್ಯೆ) ಮತ್ತು ಪುಟ ಸಂಖ್ಯೆ ಸಾಕು. ಮುಂದೆ ಸೊನ್ನೆ ಹಾಕಿ, 001, 002 ಅಂತ. ಇಲ್ಲದಿದ್ದರೆ 1ರ ನಂತರ 10 ಬಂದು ಕೂರುತ್ತೆ.

ಜನರಿಗೆ ತೋರಿಸೋಕೆ ಡಿಸ್ಪೇಸ್ ಅನ್ನುವ ತಂತ್ರಾಂಶ ಇದೆ, 2002ರಲ್ಲಿ ಎಂಐಟಿ ಮತ್ತು ಎಚ್‌ಪಿ ಸೇರಿ ಮಾಡಿದ್ದು. ಪ್ರಬಂಧಗಳಿಗೆ ಚೆನ್ನ. ಫೋಟೋ, ಕರಪತ್ರದ ಚಿಕ್ಕ ಪ್ರದರ್ಶನಕ್ಕೆ ಒಮೆಕಾ ಸುಲಭ. ಯಾವುದೇ ಆಗಲಿ, ನಿಮ್ಮ ದತ್ತಾಂಶ ಪೂರ್ತಿ ಹೊರಗೆ ತೆಗೆಯೋಕೆ ಬರುತ್ತಾ ಅಂತ ಮೊದಲು ಕೇಳಿ. ಗುತ್ತಿಗೆಯವರು ತಮ್ಮದೇ ತಂತ್ರಾಂಶ ಕೊಡ್ತೀವಿ ಅಂದರೆ ಎರಡು ಸಲ ಕೇಳಿ. ಬಿಬಿಸಿ 1986ರಲ್ಲಿ ಡೂಮ್ಸ್‌ಡೇ ಯೋಜನೆ ಅಂತ ಇಡೀ ಬ್ರಿಟನ್ನಿನ ಊರೂರಿನ ಮಾಹಿತಿಯನ್ನು ಲೇಸರ್ ಡಿಸ್ಕಿಗೆ ಹಾಕಿತು. ಸುಮಾರು 15 ವರ್ಷದಲ್ಲಿ ಅದನ್ನು ಓದುವ ಯಂತ್ರ ಸಿಗೋದೇ ಕಷ್ಟವಾಯಿತು. ಅದಕ್ಕೆ ಸ್ಫೂರ್ತಿಯಾದ 1086ರ ಮೂಲ ಪುಸ್ತಕವನ್ನು ಈಗಲೂ ತೆರೆದು ಓದಬಹುದು.

ಸುಮ್ನೆ_ಓದುಗ

ಹಾಗಾದರೆ ಕಾಗದವೇ ವಾಸಿ ಅಂತಾಯ್ತು. ಇಷ್ಟು ಕಷ್ಟ ಯಾಕೆ ಪಡಬೇಕು?

ಸರ್ವರ್_ಕಾವಲು

ಕೇಪ್‌ಟೌನ್ ವಿಶ್ವವಿದ್ಯಾಲಯ. 2021ರ ಏಪ್ರಿಲ್ 18. ಪಕ್ಕದ ಬೆಟ್ಟದಲ್ಲಿ ಹತ್ತಿದ ಕಾಡ್ಗಿಚ್ಚು ಗ್ರಂಥಾಲಯದ ಜಾಗರ್ ವಾಚನಾಲಯಕ್ಕೆ ಬಿತ್ತು. ಆಫ್ರಿಕಾ ಅಧ್ಯಯನದ ಮುದ್ರಿತ ಸಂಗ್ರಹದ ದೊಡ್ಡ ಭಾಗ ಸುಟ್ಟುಹೋಯಿತು. ನೆಲಮಾಳಿಗೆಯಲ್ಲಿದ್ದದ್ದು ಬೆಂಕಿಯಿಂದ ಉಳಿದರೂ ಬೆಂಕಿ ಆರಿಸಿದ ನೀರಲ್ಲಿ ನೆನೆಯಿತು. ಅಲ್ಲಿನ ಸ್ಯಾನ್ ಜನರ ಭಾಷೆ, ಕಥೆಗಳನ್ನು ಬರೆದಿಟ್ಟ ಬ್ಲೀಕ್ ಮತ್ತು ಲಾಯ್ಡ್ ಸಂಗ್ರಹ ಉಳಿಯಿತು, ಅದು ಮೊದಲೇ ಡಿಜಿಟಲ್ ಕೂಡ ಆಗಿತ್ತು. ಕಾಗದವೂ ಇರಲಿ, ಫೈಲೂ ಇರಲಿ.

ಹೊಸ_ಗ್ರಂಥಪಾಲಕಿ

ಎಲ್ಲರಿಗೂ ಧನ್ಯವಾದ. ಎಲ್ಲ ಓದಿ, ಮೇಲಿನವರ ಹತ್ತಿರ ಮಾತಾಡಿ ಬಂದೆ. "ಎಲ್ಲಾ" ಅನ್ನೋದನ್ನು ಬಿಡಿಸಿದ್ದೇನೆ. ಈ ವರ್ಷ ಕ್ಯಾಸೆಟ್‌ಗಳು, ವಾರಪತ್ರಿಕೆಯಲ್ಲಿ ಪುಡಿಯಾಗುತ್ತಿರುವ ಬೈಂಡ್‌ಗಳು, ಕರಪತ್ರ. ಸ್ಮರಣ ಸಂಚಿಕೆ ಸ್ಕ್ಯಾನ್ ಆಗುತ್ತೆ, ಆದರೆ ಸದ್ಯಕ್ಕೆ ಗ್ರಂಥಾಲಯದೊಳಗೆ ಮಾತ್ರ. ಪ್ರಬಂಧಗಳನ್ನು ಶೋಧಗಂಗಾ ಜೊತೆ ತಾಳೆ ನೋಡಿದ ಮೇಲೆ. ಲೆಕ್ಕದ ಪುಸ್ತಕ ಹೊರಗೆ ಹಾಕಲ್ಲ. ಫೋಟೋಗಳಿಗೆ ಮೊದಲು ಪ್ರಿಂಟ್, ಆಮೇಲೆ ಮನೆಮನೆ.

ಪೂರ್ತಿ ಶುರು ಮಾಡುವ ಮೊದಲು ಒಂದು ಪೆಟ್ಟಿಗೆ ಪ್ರಯೋಗ ಮಾಡೋಣ ಅಂತಿದ್ದೇನೆ. ಚೆನ್ನಾಗಿರುವ ಕರಪತ್ರಗಳ ಪೆಟ್ಟಿಗೆ ತೆಗೆದುಕೊಳ್ಳಲಾ?

ಪಿಕ್ಸೆಲ್_ಪುಟ್ಟ

ಬೇಡ. ಇದ್ದದ್ದರಲ್ಲಿ ಕೆಟ್ಟ ಪೆಟ್ಟಿಗೆ ತೆಗೆದುಕೊಳ್ಳಿ. ಮಡಚಿದ ನಕ್ಷೆ, ಅಂಟಿಕೊಂಡ ಹಾಳೆ, ಬಿಗಿ ಬೈಂಡ್, ಎರಡೂ ಬದಿ ಬರಹ ಇರುವ ಫೋಟೋ ಎಲ್ಲ ಒಂದೊಂದು ಇರಲಿ. ಸಮಯ ಎಷ್ಟು ಹಿಡಿಯುತ್ತೆ ಅನ್ನುವ ನಿಜವಾದ ಲೆಕ್ಕ ಅದರಲ್ಲಿ ಸಿಗುತ್ತೆ. ಸ್ಕ್ಯಾನ್ ಸಮಯ, ಪರಿಶೀಲನೆ ಸಮಯ, ವಿವರ ಬರೆಯುವ ಸಮಯ ಮೂರನ್ನೂ ಬೇರೆ ಬೇರೆ ಬರೆಯಿರಿ. ಮುಂದಿನ ವರ್ಷದ ಹಣ ಕೇಳೋಕೆ ಅದೇ ಆಧಾರ.

ಟೇಪ್_ತಾತ

ಕ್ಯಾಸೆಟ್ ಹೊರಗೆ ಕೊಡುವುದಾದರೆ ಪ್ರತಿಯೊಂದರ ಎರಡೂ ಬದಿಯ ಫೋಟೋ, ಪೆಟ್ಟಿಗೆಯೊಳಗಿನ ಚೀಟಿಯ ಫೋಟೋ ತೆಗೆದುಕೊಂಡೇ ಕೊಡಿ. ವಾಪಸ್ ಬರುವಾಗ ಚೀಟಿಗಳು ಅದಲು ಬದಲಾಗಿರುತ್ತವೆ.